6241ನೇ ಸಾಲು

ಹನ್ನೊಂದನೆಯ ಸಲವೂ ಕಂಪ್ಯೂಟರ್ ಅದನ್ನೇ ಹೇಳಿತು: ಈ ನಂಬರ್ ಈಗಾಗಲೇ ಇದೆ. ರಿಜಿಸ್ಟರಮ್ಮ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಕನ್ನಡಕದ ತಪ್ಪೇನೂ ಇರಲಿಲ್ಲ. ಗೋಡೆಯಾಚೆಯ ವಾರ್ಡಿನಲ್ಲಿ ಗಂಟೆಯ ಹಿಂದಷ್ಟೇ ಹುಟ್ಟಿದ ಕೂಸು ಗಂಟಲು ಬಿರಿಯುವಂತೆ ಅಳುತ್ತಿತ್ತು. ಅದು ಅವರ ಮಗಳ ಮಗಳು.

ಆ ಹೆರಿಗೆ ಆಸ್ಪತ್ರೆಯಲ್ಲಿ ಕೂಸಿನ ಕೈಗೆ ನಂಬರಿನ ಪಟ್ಟಿ ಕಟ್ಟುವ ತನಕ ತಾಯಿ ಮತ್ತು ಸಿಸ್ಟರ್ ಬಿಟ್ಟು ಯಾರೂ ಅದನ್ನು ಎತ್ತಿಕೊಳ್ಳುವಂತಿಲ್ಲ. ಅಪ್ಪನಾದರೂ ಅಷ್ಟೇ, ಅಜ್ಜಿಯಾದರೂ ಅಷ್ಟೇ. ಈ ನಿಯಮ ಮಾಡಿಸಿದವರು ಬೇರೆ ಯಾರೂ ಅಲ್ಲ, ಮೂವತ್ತು ವರ್ಷದಿಂದ ದಾಖಲೆ ಕೋಣೆಯಲ್ಲಿ ಕೂತಿರುವ ಇದೇ ರಿಜಿಸ್ಟರಮ್ಮ. ಎಷ್ಟೋ ಅಜ್ಜಿಯರು ಬಂದು ಗೋಗರೆದಿದ್ದರು, ಇವರು ಜಪ್ಪಯ್ಯ ಎಂದರೂ ಬಗ್ಗಿರಲಿಲ್ಲ. ಮಾಡಿದ್ದುಣ್ಣೋ ಮಹರಾಯ.

"ಪಟ್ಟಿ ಬರ್ಲಿ, ಆಮೇಲೆ ನೋಡೋಣ," ಎಂದಳು ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ ಹಿರಿಯ ಸಿಸ್ಟರ್, ಥೇಟ್ ರಿಜಿಸ್ಟರಮ್ಮನ ದನಿಯಲ್ಲೇ.

ಕಂಪ್ಯೂಟರ್ ನೋಡಿಕೊಳ್ಳುವವಳು ಊಟ ಅರ್ಧಕ್ಕೆ ಬಿಟ್ಟು ಬಂದಳು. ನೀವೇನಾದರೂ ಬದಲಾಯಿಸಿದಿರಾ ಎಂದು ಕೇಳಿದಳು. ಇಲ್ಲವೇ ಇಲ್ಲ ಎಂದರು ರಿಜಿಸ್ಟರಮ್ಮ. ಆಮೇಲೆ ದನಿ ತಗ್ಗಿಸಿ ನಿನ್ನೆಯ ಸಂಗತಿ ಹೇಳಿದರು. ಹೋದ ವಾರವೆಲ್ಲ ಕಂಪ್ಯೂಟರ್ ಕೆಟ್ಟು ಕೂತಾಗ ಇಪ್ಪತ್ತೆಂಟು ಮಕ್ಕಳಿಗೆ ಪುಸ್ತಕದಿಂದಲೇ ನಂಬರ್ ಕೊಟ್ಟಿದ್ದರು. ಅದು ರಿಪೇರಿಯಾದ ಮೇಲೆ, ನಿನ್ನೆ, ಅಷ್ಟನ್ನೂ ಒಂದೇ ಸಮನೆ ಕೂತು ಏರಿಸಿದ್ದರು. ನಂಬರಿನ ಜಾಗ ಖಾಲಿ ಬಿಟ್ಟರೆ ಯಂತ್ರವೇ ತುಂಬಿಕೊಳ್ಳುತ್ತದೆ, ನಿಜ. ಆದರೆ ಮಕ್ಕಳ ಕೈಗೆ ಕಟ್ಟಿದ ನಂಬರಿಗೂ ಅದು ಕೊಡುವ ನಂಬರಿಗೂ ತಾಳೆಯಾಗದಿದ್ದರೆ? ಅದಕ್ಕೇ ತಾವೇ ಒಂದೊಂದಾಗಿ ಒತ್ತಿದ್ದರು.

"ನೀವು ಕೈಯಾರೆ ಕೊಟ್ಟ ನಂಬರು ಅದರ ಎಣಿಕೆಗೆ ಬರಲ್ಲ ಮೇಡಂ," ಎಂದಳು ಅವಳು. "ಅದು ಕೆಟ್ಟ ದಿನ ಎಲ್ಲಿತ್ತೋ ಅಲ್ಲಿಂದಲೇ, 6213ರಿಂದ, ಶುರು ಮಾಡಿದೆ. ಅಲ್ಲಿ ನೀವು ಆಗ್ಲೇ ಬೇರೆ ಮಗು ಮಲಗಿಸಿದ್ದೀರಿ. ಒಂದ್ಸಲ ಒತ್ತಿದ್ರೆ ಒಂದು ಮುಂದಕ್ಕೆ ಹೋಗತ್ತೆ. ಇನ್ನು ಹದಿನೆಂಟು ಸಲ ಒತ್ತಿದ್ರೆ ನಾನು ಬರೋದೇ ಬೇಕಿರಲಿಲ್ಲ."

ರಿಜಿಸ್ಟರಮ್ಮ ತಮ್ಮ ಬಲಗೈಯನ್ನೇ ನೋಡಿಕೊಂಡರು. ಮೂವತ್ತು ವರ್ಷ ಊರವರ ತಪ್ಪು ಹುಡುಕಿದ ಕೈ ಅದು.

"ಹಾಗಾದ್ರೆ ತಪ್ಪು ನಂದೇ," ಎಂದರು.

ಬಾಗಿಲಲ್ಲಿದ್ದ ಸಿಸ್ಟರ್ ಕಿಸಕ್ಕೆಂದಳು. ರಿಜಿಸ್ಟರಮ್ಮನಿಗೂ ತಡೆಯಲಾಗಲಿಲ್ಲ; ಕನ್ನಡಕ ಮಂಜಾಗುವಷ್ಟು ನಕ್ಕರು. ತಪ್ಪು ಒಪ್ಪಿಕೊಂಡರೆ ಮನಸ್ಸು ಇಷ್ಟು ಹಗುರವಾಗುತ್ತದೆಂದು ಅವರಿಗೆ ಗೊತ್ತೇ ಇರಲಿಲ್ಲ.

ರಿಪೇರಿ ಒಂದೇ ಸಾಲಿನ ಕೆಲಸ. 6240ರವರೆಗೆ ಆಗಿದೆ, ಮುಂದಿನದು ಕೊಡು ಎಂದು ಯಂತ್ರಕ್ಕೆ ಹೇಳಿದ್ದಾಯಿತು. ಖಾತ್ರಿಗೆ ಇರಲೆಂದು ಕಂಪ್ಯೂಟರಿನವಳು ಇಲ್ಲದ ಮಗುವೊಂದನ್ನು ಸೇರಿಸಿ, 6241 ಬಂದದ್ದು ನೋಡಿ, ಅದನ್ನು ಅಳಿಸಿದಳು. ಆಮೇಲೆ ಅಜ್ಜಿ ಮೊಮ್ಮಗಳ ವಿವರ ತುಂಬಿದರು. ಪಟ್ಟಿಯ ಮೇಲೆ 6242 ಎಂದು ಅಚ್ಚಾಯಿತು.

ಪುಸ್ತಕಕ್ಕೆ ಏರಿಸಲು ಹೊರಟ ಪೆನ್ನು ಅಲ್ಲೇ ನಿಂತಿತು. ನಡುವಿನ ಒಂದು ಎಲ್ಲಿ ಹೋಯಿತು? ಒಮ್ಮೆ ಕೊಟ್ಟದ್ದನ್ನು ಅಳಿಸಿದರೂ ಯಂತ್ರ ಮತ್ತೆ ಕೊಡುವುದಿಲ್ಲ ಎಂದಳು ಅವಳು. ಬೇಕಿದ್ದರೆ ಹಿಂದಕ್ಕೆ ತಿರುಗಿಸಬಹುದು, ಐದು ನಿಮಿಷ. ಹಿಂದೊಮ್ಮೆ ಒಂದು ಸಾಲು ಬಿಟ್ಟುಹೋಯಿತೆಂದು ಗುಮಾಸ್ತನ ಕೈಲಿ ಇಡೀ ಪುಸ್ತಕ ಹೊಸದಾಗಿ ಬರೆಸಿದ್ದರು ರಿಜಿಸ್ಟರಮ್ಮ. ಗೋಡೆಯಾಚೆ ಅಳು ಇನ್ನೊಂದು ಮೆಟ್ಟಿಲು ಏರಿತು.

"ಬಿಡಮ್ಮ," ಎಂದರು. "ಐದು ನಿಮಿಷ ಯಾರ ಹತ್ರ ಇದೆ?"

ಸಿಸ್ಟರ್ ಕೂಸಿನ ಕೈಗೆ ಪಟ್ಟಿ ಕಟ್ಟಿ, ರಿಜಿಸ್ಟರಮ್ಮನ ಕೈಯನ್ನು ಎರಡೆರಡು ಸಲ ಸೋಪು ಹಾಕಿ ತೊಳೆಸಿದಳು, ರಿಯಾಯಿತಿ ಏನಿಲ್ಲ. ತೋರುಬೆರಳಿನ ಶಾಯಿ ಮಾತ್ರ ಹೋಗಲಿಲ್ಲ. ಕೂಸು ಆ ಬೆರಳನ್ನೇ ಹಿಡಿದುಕೊಂಡು ಅಳು ನಿಲ್ಲಿಸಿತು.

ದಾಖಲೆ ಕೋಣೆಯಲ್ಲಿ ಪುಸ್ತಕ ತೆರೆದೇ ಇತ್ತು, ಪೆನ್ನಿನ ಮುಚ್ಚಳ ಮೇಜಿನಡಿಗೆ ಉರುಳಿತ್ತು. 6241ರ ಮುಂದೆ ಏನೂ ಇರಲಿಲ್ಲ. ಅದರ ಕೆಳಗಿನ ಸಾಲಿನಲ್ಲಿ 'ಹೆಣ್ಣು' ಎಂದು ಅವಸರದಲ್ಲಿ ಬರೆದ ಶಾಯಿ ಇನ್ನೂ ಆರಿರಲಿಲ್ಲ.