ಬಾಲದ ಹಗ್ಗ

ಕೊಯ್ಲು ಮುಗಿದು ಹೊಲಗಳು ಬೋಳಾಗಿದ್ದವು. ಹಗ್ಗದಕ್ಕ ಅಂಗಳದಲ್ಲಿ ನಾರು ಹೊಸೆಯುತ್ತ, ಎಂದಿನಂತೆ ಹಿಂದುಹಿಂದಕ್ಕೆ ನಡೆಯುತ್ತಿದ್ದಳು. ಬಡಗಿ ಬಂದು ಬೇಲಿಯಾಚೆ ನಿಂತ.

"ಅಕ್ಕಾ, ಅಂಚೆ ಮಾಸ್ತರನ್ನ ಗುಂಡಿಗಿಳಿಸೋಕೆ ಹಗ್ಗ ಬೇಕು. ಪೆಟ್ಟಿಗೆ ಭಾರ ಇದೆ."

"ಇದ್ದಾಗಲೂ ಹಗ್ಗ, ಹೋದಾಗಲೂ ಹಗ್ಗ!" ಅವಳು ಕೈ ಬಿಡಲಿಲ್ಲ, ಬಿಟ್ಟರೆ ಹುರಿ ಬಿಚ್ಚಿಕೊಳ್ಳುತ್ತದೆ. "ಹಳೇದೇ ವಾಪಸ್ ಬಂದಿಲ್ಲ."

"ಸತ್ತೋರ ಜೊತೆಗೂ ಜಗಳವೇನಕ್ಕಾ?"

"ಬದುಕಿದ್ದಾಗ ಜಗಳ ಆಡೋಕೆ ಬಿಟ್ರೆ ತಾನೆ! ಬಾಯಿ ತೆರೆಯೋಷ್ಟರಲ್ಲಿ ಭೂತಗನ್ನಡಿ ಕೈಗೆ ಕೊಡ್ತಿದ್ರು. ಜಗಳ ಮರೆತೇ ಹೋಗೋದು."

ಬೈಯುತ್ತಲೇ ಹೊಸ ಹಗ್ಗದ ಸುರುಳಿಯನ್ನು ಹೆಗಲಿಗೇರಿಸಿದಳು.

*

ಮಾಸ್ತರು ಹೊಸ ಅಂಚೆಚೀಟಿಯನ್ನು ತೋರಿಸದೆ ಮಾರಿದವರಲ್ಲ. "ನೋಡದೆ ಅಂಟಿಸಬಾರದು" ಎಂದು ಕಿಟಕಿಯ ಸರಳಿನ ಸಂದಿಯಿಂದ ಭೂತಗನ್ನಡಿ ಚಾಚುತ್ತಿದ್ದರು. ಧೂಮಕೇತು, ಜೇನುಹುಳ, ಹಿಮದ ಬೆಟ್ಟ, ಎಲ್ಲವೂ ಊರಿಗೆ ಬಂದದ್ದು ಆ ಕಿಟಕಿಯಿಂದಲೇ. ಒಂದು ಸಲ ನೀಲಿ ತಿಮಿಂಗಿಲ ಬಂತು. ಸಮುದ್ರ ಕಂಡವರು ಊರಲ್ಲಿ ಒಬ್ಬರೂ ಇರಲಿಲ್ಲ.

"ಹೆಬ್ಬೆರಳಿನಷ್ಟಿದೆ. ಇದಕ್ಕೆ ಇಷ್ಟು ಸಡಗರವಾ?" ಎಂದು ಹಗ್ಗದಕ್ಕ ನಕ್ಕಳು.

ಮಾಸ್ತರು ಮುಖ ಕೆಂಪು ಮಾಡಿಕೊಂಡು ಎದ್ದರು. ಅಂಚೆಮನೆಗೆ ಬೀಗ ಹಾಕಿದವರೇ ಅವಳ ಅಂಗಳಕ್ಕೆ ಬಂದು, ಇದ್ದಬದ್ದ ಹಗ್ಗವನ್ನೆಲ್ಲ ಹೊತ್ತು ಮಸಣದ ಪಕ್ಕದ ಬೀಳುನೆಲಕ್ಕೆ ಒಯ್ದರು. ತಿಮಿಂಗಿಲದ ಮೂತಿಯಿಂದ ಶುರುಮಾಡಿ, ಅದರ ನಿಜವಾದ ಗಾತ್ರಕ್ಕೆ ಅಳೆದಳೆದು ಹಗ್ಗ ಹಾಸಿದರು. ಊರವರು ಒಬ್ಬೊಬ್ಬರೇ ಒಳಗೆ ಹೋಗಿ ನಿಂತರು. ದನಗಳೂ ಬಂದವು. ಎಲ್ಲರೂ ನಿಂತ ಮೇಲೂ ಹೊಟ್ಟೆಯಲ್ಲಿ ಜಾಗ ಉಳಿದಿತ್ತು. ಗದ್ದಲ ಎಬ್ಬಿಸುತ್ತ ಬಂದವರು ಗುಡಿಯೊಳಗೆ ನಿಂತವರ ಹಾಗೆ ಮೆಲ್ಲಗೆ ಮಾತಾಡತೊಡಗಿದರು.

ಬಾಲದ ಹತ್ತಿರ ಹಗ್ಗ ಮುಗಿಯಿತು.

"ನಾಳೆ ಇನ್ನಷ್ಟು ಕೊಡಕ್ಕಾ."

ಆ ರಾತ್ರಿ ಮಳೆ ಸುರಿಯಿತು. ಕೆಸರಿನಲ್ಲಿ ದನ ತುಳಿದು ಹಗ್ಗವೆಲ್ಲ ನಾರುನಾರಾಯಿತು. ಮಾಸ್ತರು ಅದರ ಗುರುತಿನ ಮೇಲೆ ಕಲ್ಲು ನೆಟ್ಟು ಸುಣ್ಣ ಬಳಿದರು. ಬಾಲವಿಲ್ಲದ ತಿಮಿಂಗಿಲ ಹಾಗೇ ಉಳಿಯಿತು. ಪ್ರತಿ ಕೊಯ್ಲಿಗೂ ಅವರು "ಬಾಲಕ್ಕೆ ಹಗ್ಗ?" ಎನ್ನುವುದು, ಇವಳು "ನಿಮ್ಮ ಮೀನು ನುಂಗಿದ್ದನ್ನ ಮೊದಲು ಕಕ್ಕಿಸಿ" ಎನ್ನುವುದು ನಡೆದೇ ಇತ್ತು.

*

ಪೆಟ್ಟಿಗೆ ಇಳಿಯಿತು. ಹಗ್ಗ ಮೇಲೆಳೆದು ಮಣ್ಣು ಮುಚ್ಚಿದರು. ಹಗ್ಗದಕ್ಕ ಅದನ್ನು ಸುತ್ತುತ್ತಿದ್ದಾಗ ಮಾಸ್ತರ ಮಗಳು ಪಕ್ಕದಲ್ಲಿ ಬಂದು ನಿಂತಳು.

"ಅತ್ತೆ, ಅಪ್ಪ ಮೊನ್ನೆಯೂ ಕೇಳಿದ್ರು. ಹಗ್ಗದಕ್ಕ ಕೊಟ್ಲಾ ಅಂತ."

"ನೀನೇನಂದೆ?"

"ಕೊಡ್ತಾಳೆ ಅಂದೆ."

ಹಗ್ಗದಕ್ಕ ಸುತ್ತುವುದನ್ನು ನಿಲ್ಲಿಸಿದಳು. "ನನ್ನ ಕೇಳದೆ ಮಾತು ಕೊಟ್ಟುಬಿಟ್ಯಾ? ಅಪ್ಪನ ಮಗಳೇ ಸರಿ." ಕಣ್ಣೊರೆಸಿಕೊಂಡಳು. "ಬಾಲ ಎಷ್ಟಗಲ ಅಂತಿದ್ರು?"

"ನಮ್ಮನೆ ಅದರ ಮೇಲೆ ಕೂರುತ್ತೆ ಅಂತಿದ್ರು."

ಹಗ್ಗದಕ್ಕ ಬೀಳುನೆಲಕ್ಕೆ ಇಳಿದಳು. ಕೊನೆಯ ಕಲ್ಲಿಗೆ ಹಗ್ಗದ ತುದಿ ಕಟ್ಟಿ, ಹೊಸೆಯುವಾಗ ನಡೆಯುವಂತೆಯೇ ಹಿಂದುಹಿಂದಕ್ಕೆ ನಡೆಯುತ್ತ ಬಿಟ್ಟುಕೊಂಡು ಹೋದಳು. ಕಣ್ಣು ಕಲ್ಲುಗಳ ಸಾಲಿನ ಮೇಲೆಯೇ ಇತ್ತು. ನಡು ಸಣ್ಣಗಾಗಿ, ಬಾಲ ಅರಳತೊಡಗಿತು. ಮನೆಗೆ ಹೊರಟಿದ್ದವರು ನಿಂತರು.

"ಅಕ್ಕಾ, ಹಿಂದೆ ನೋಡ್ಕೊ!" ಬಡಗಿ ಕೂಗಿದ.

ಹಿಮ್ಮಡಿಗೆ ಹಸಿಮಣ್ಣು ತಾಕಿತು. ಅವಳು ತಿರುಗಿ ನೋಡಿದಳು. ಆಮೇಲೆ ಮಾಸ್ತರ ಮಣ್ಣಿನ ಗುಡ್ಡೆಯನ್ನು ಬಾಲದ ಒಳಗೆ ಹಾಕಿಕೊಂಡು, ಅಗಲವಾಗಿ ಬಳಸಿ, ಹಗ್ಗವನ್ನು ಆಚೆ ಬದಿಯ ಕಲ್ಲಿಗೆ ತಂದು ಮುಟ್ಟಿಸಿದಳು.