ಜೀರುಂಡೆಯ ಹಿಂಗಾಲು

ಅಲುಗಿತೇ, ಇಲ್ಲ, ಗಾಳಿಗೆ ಎಲೆ ಅಲುಗಿದ್ದು, ಹಸಿರು ಜೀರುಂಡೆ ಇನ್ನೂ ಮರಗಟ್ಟಿಯೇ ಕೂತಿದೆ, ಬೆನ್ನ ಮೇಲೆ ಫ್ರಿಜ್ಜಿನ ತೇವ ಸೂಜಿಮೊನೆಯಷ್ಟು ಹನಿಯಾಗಿ ನಿಂತಿದೆ, ಹಿತ್ತಲ ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿದವನ ಮೊಣಕೈಗೆ ಕಲ್ಲು ಒತ್ತುತ್ತಿದೆ, ಒತ್ತಲಿ — ಹತ್ತು ನಿಮಿಷ ತಂಪಲ್ಲಿಟ್ಟರೆ ಎಂಥ ಪುಂಡ ಹುಳವೂ ಕ್ಯಾಮೆರಾ ಮುಂದೆ ತೆಪ್ಪಗೆ ಕೂರುತ್ತದೆ, ಸ್ಟುಡಿಯೋದಲ್ಲಿ ನಲವತ್ತು ವರ್ಷ ಅಲುಗಬೇಡಿ, ಕಣ್ಣು ಮುಚ್ಚಬೇಡಿ ಎಂದು ಗಂಟಲು ಹರಿದುಕೊಂಡವನಿಗೆ ಈ ಉಪಾಯ ಮೊದಲೇ ಹೊಳೆದಿದ್ದರೆ ಗಿರಾಕಿಗಳನ್ನೂ ಫ್ರಿಜ್ಜಿಗೆ ತುರುಕುತ್ತಿದ್ದನೇನೋ, ಹಾಗೆಂದಾಗ ಅಕ್ಕ ನಗಲಿಲ್ಲ, ಲೋ, ನನ್ನ ಇನ್ಸುಲಿನ್ ಪಕ್ಕ ಹುಳ ಇಡ್ತೀಯಲ್ಲೋ, ವಯಸ್ಸಾಯ್ತು, ಬುದ್ಧಿ ಯಾವಾಗ ಬರುತ್ತೆ, ದೂರ ಇಡು, ಇಟ್ಟ, ಹುಳವನ್ನಲ್ಲ, ಅವಳ ಔಷಧಿಯನ್ನು, ಮೇಲೆ ಐಸ್ ಕಟ್ಟುವ ಖಾನೆಯಲ್ಲಿ, ತಂಪು ಹೆಚ್ಚಿದಷ್ಟೂ ಒಳ್ಳೆಯದೇ ಅಲ್ಲವೇ, ಫಿಲಂ ರೋಲುಗಳನ್ನು ವರ್ಷಗಟ್ಟಲೆ ಹಾಗೇ ಕಾಪಾಡಿದ್ದ, ಮಾರನೆಯ ದಿನ ನೋಡಿದರೆ ಬಾಟಲಿಯೊಳಗೆ ಔಷಧಿ ಹೆಪ್ಪುಗಟ್ಟಿ ಕಲ್ಲು, ಬಿಸಿಲಿಗಿಟ್ಟು ಕರಗಿಸಿ ಕೆಳಗಿಟ್ಟು ಬಾಯಿ ಮುಚ್ಚಿಕೊಂಡ, ಅಕ್ಕ ಎಂಟು ದಿನ ಅದನ್ನೇ ಚುಚ್ಚಿಕೊಂಡಳು — ಸಕ್ಕರೆ ಇಷ್ಟು ಹೇಗೆ ಏರಿತು ಎಂದು ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರೆ, ಇನ್ನೇನು, ಕದ್ದು ಸಿಹಿ ತಿಂದಿರ್ತಾಳೆ ಎಂದಳು ಅಕ್ಕನ ಮಗಳು, ಇಲ್ಲ ಕಣೇ, ನಿನ್ನಾಣೆ ತಿಂದಿಲ್ಲ, ಬೇಕಾದ್ರೆ ನಿಮ್ಮ ಮಾಮನ್ನ ಕೇಳು, ಇಬ್ಬರೂ ಇವನತ್ತ ತಿರುಗಿದರು, ಅಕ್ಕನ ಕಣ್ಣಲ್ಲಿ ಎಷ್ಟು ಧೈರ್ಯ, ತಮ್ಮ ಇದ್ದಾನಲ್ಲ ಅನ್ನುವ ಧೈರ್ಯ, ನಾನು ನೋಡಿಲ್ಲಮ್ಮ, ನನಗೇನು ಗೊತ್ತು ಅಂದುಬಿಟ್ಟ, ಅಕ್ಕ ಗೋಡೆಯತ್ತ ಮುಖ ತಿರುಗಿಸಿದಳು — ಮನೆಗೆ ಬಂದು ಹುಳದ ಕಣ್ಣು ಹಿಡಿಯುವ ಲೆನ್ಸಿನಲ್ಲೇ ಡಬ್ಬಿಯ ಚೀಟಿ ಓದಿದ, ಒಮ್ಮೆ ಹೆಪ್ಪುಗಟ್ಟಿದರೆ ಬಳಸಬೇಡಿ, ಕರಗಿದ ಮೇಲೂ ಬೇಡ, ಹುಳಕ್ಕಾದರೆ ಬಿಸಿಲು ತಾಗಿದರೆ ಸಾಕು, ಮೊದಲು ಹಿಂಗಾಲು, ಆಮೇಲೆ ಮೀಸೆ, ಆಮೇಲೆ ಪುರ್ರೆಂದು ಹಾರಿಹೋಗುತ್ತದೆ, ಅಕ್ಕನಿಗೆ ನಿನ್ನೆಯಿಂದ ಎಚ್ಚರವಿಲ್ಲ, ಬೆಳಿಗ್ಗೆ ಫೋನಲ್ಲಿ ಮಗಳ ಅಳು, ಮಾಮ, ಕೊನೇ ಮಾತು ಅಂತ ಅಮ್ಮನ್ನ ಕಳ್ಳಿ ಅಂದ್ಬಿಟ್ಟೆನಲ್ಲ, ಅವಳು ತಿಂದಿದ್ಲು ಅಲ್ವಾ, ನೀನಾದ್ರೂ ಹೇಳು — ಹೇಳುತ್ತಾನೆ, ಈ ಹಿಂಗಾಲು ಅಲುಗಲಿ, ಅಲುಗಿದ ಕೂಡಲೇ ಎದ್ದು ಫೋನ್ ಮಾಡಿ ಎಲ್ಲ ಹೇಳಿಬಿಡುತ್ತಾನೆ, ಕಿಸೆಯಲ್ಲಿ ಫೋನು ಗುಯ್‌ಗುಟ್ಟುತ್ತಿದೆ, ಅವಳೇ, ಇರು, ಕಾಲು ಅಲುಗಲಿ, ಬೆನ್ನಿನ ಹನಿ ಆರಿತು, ಫೋನು ನಿಂತಿತು, ಮತ್ತೆ ಶುರುವಾಯಿತು, ಅಲುಗಿತು, ಇಲ್ಲ, ಗಾಳಿ, ಗಾಳಿಗೆ ಎಲೆ — ಎಲೆ ನಿಶ್ಚಲ, ಹಿಂಗಾಲು ಅಲುಗುತ್ತಿದೆ, ಗಾಳಿ ಇರಬೇಕು, ಹಿಂಗಾಲು