ಗಾಜಿನೊಳಗಿನ ಬಿಸಿಲು

ಚಹಾದ ಲೋಟದಲ್ಲಿ ಮಿಡತೆಯೊಂದು ಕಾಲು ಬಡಿಯುತ್ತಿತ್ತು. ಗಾಜಿನಂಗಡಿಯವನು ಆಗಲೇ ಅರ್ಧ ಕುಡಿದಿದ್ದ. ಲೋಟವನ್ನು ದೂರ ತಳ್ಳಿದ.

"ಮಿಡತೆ ಡಬ್ಬಿ ಮುಚ್ಚಳ ಸಡಿಲ ಆಗಿತ್ತು ಅಪ್ಪಾ," ಎನ್ನುತ್ತ ಮಗಳು ಲೋಟಕ್ಕೆ ಬೆರಳದ್ದಿ ಅದನ್ನು ಎತ್ತಿಕೊಂಡಳು.

ಗಂಡನನ್ನು ಬಿಟ್ಟು ಬಂದವಳು ಜೊತೆಗೆ ತಂದದ್ದು ಒಂದು ಬಟ್ಟೆಯ ಚೀಲ, ತಾನು ಸಾಕಿದ ಒಂದು ಗಡ್ಡದ ಓತಿಕ್ಯಾತದ ಮರಿ. "ಅಳಿಯ ತೊಲಗಿದ ಅಂದ್ರೆ ಇದು ಬಂತು," ಎಂದು ಅವನು ಅಂಗಡಿಯಲ್ಲಿ ಗೊಣಗಿದ್ದ. ಗಂಟಲ ಸುತ್ತ ಮುಳ್ಳು, ಒಣಗಿದ ಕಜ್ಜಿಯಂಥ ಚರ್ಮ. ಹುಳ ಜಗಿಯುವಾಗ ಕರಕರ ಸದ್ದು ಬೇರೆ. ಅವನು ಹಲ್ಲುಜ್ಜುವ ಬೇಸಿನ್ನಿನಲ್ಲೇ ಅದರ ಸ್ನಾನ. ಆದರೆ ಯಾರೊಂದಿಗೂ ನಾಲ್ಕು ಮಾತಾಡದ ಮಗಳು ಅದರೊಂದಿಗೆ ಮಾತ್ರ ಗುಸುಗುಸು ಆಡುತ್ತಿದ್ದಳು. ಬಾಯಲ್ಲಿಟ್ಟ ಬಿಸಿತುಪ್ಪದಂತೆ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಮನೆ ತುಂಬ ಹರಿದಾಡದಿದ್ದರೆ ಸಾಕೆಂದು ತಾನೇ ಗಾಜಿನ ಪೆಟ್ಟಿಗೆ ಮಾಡಿದ. ಅಂಚು ಉಜ್ಜಿ, ಮೂಲೆಗೆ ಅಂಟು ತುಂಬಿ, ಮುಚ್ಚಳಕ್ಕೆ ತೂತು ಕೊರೆದು, ಬೆಳಗಿನ ಬಿಸಿಲು ಬೀಳುವ ಕಿಟಕಿಯ ಪಕ್ಕ ಇಟ್ಟ. ಕಿಟಕಿಯ ಗಾಜೂ ಅವನೇ ಕೂರಿಸಿದ್ದು.

"ಒಂದು ಮೂಲೆಗೆ ಬಿಸಿ ಬಲ್ಬ್ ಬೇಕು ಅಪ್ಪಾ. ಮತ್ತೆ ಇದಕ್ಕೆ ಅಂತಲೇ ಒಂದು ಟ್ಯೂಬ್‌ಲೈಟ್ ಬರುತ್ತೆ, ಬಿಸಿಲಿನ ಕಿರಣ ಕೊಡೋದು."

"ಬಲ್ಬ್ ಹಾಕ್ಕೋ. ಟ್ಯೂಬ್‌ಲೈಟ್ ಯಾಕೆ, ಸೂರ್ಯ ಸತ್ತೋಗಿದಾನಾ? ನನ್ನ ಗಾಜಲ್ಲಿ ಬಿಸಿಲು ಹಾಗೇ ಇಳಿಯುತ್ತೆ. ಇಷ್ಟು ವರ್ಷ ನಾನೇನು ಕತ್ತೆ ಕಾಯ್ತಿದ್ನಾ?"

ಅವಳು ಎದುರಾಡಲಿಲ್ಲ. ಎದುರಾಡುವುದನ್ನು ಅವಳು ಯಾವಾಗಲೋ ಬಿಟ್ಟಿದ್ದಳು.

ಕೆಲವು ವಾರಗಳಲ್ಲಿ ಮರಿಯ ಮುಂಗಾಲು ನಡುಗತೊಡಗಿತು. ಕಚ್ಚಿದ ಮಿಡತೆ ಬಾಯಿಂದ ಜಾರಿ ಅರ್ಧ ಜೀವದಲ್ಲಿ ತೆವಳುತ್ತಿತ್ತು. ಅದನ್ನು ನೋಡಿದ ದಿನ ಅವನಿಗೆ ಊಟ ಸೇರಲಿಲ್ಲ.

ಪ್ರಾಣಿಗಳ ಡಾಕ್ಟರಮ್ಮ ಮರಿಯ ದವಡೆಯನ್ನು ಮೆಲ್ಲಗೆ ಒತ್ತಿದರು. ಅದು ರಬ್ಬರಿನಂತೆ ಬಾಗಿತು. "ಮೂಳೆ ಗಟ್ಟಿ ಮಾಡೋ ಕಿರಣ ಗಾಜು ದಾಟಲ್ಲ. ಬೆಳಕು ಬರುತ್ತೆ, ಶಾಖ ಬರುತ್ತೆ, ಅದೊಂದು ಬರಲ್ಲ. ಔಷಧಿ ಕೊಡ್ತೀನಿ. ಇವತ್ತೇ ಆ ಟ್ಯೂಬ್‌ಲೈಟ್ ತಂದು ಹಾಕಿ, ಅಲ್ಲೀವರೆಗೂ ಗಾಜಿಲ್ಲದ ನೇರ ಬಿಸಿಲಲ್ಲಿ ಹಿಡ್ಕೊಳ್ಳಿ. ಉಳಿಯುತ್ತೆ ಅಂತ ಮಾತ್ರ ಈಗಲೇ ಹೇಳಲಾರೆ."

ಮನೆ ಬಾಗಿಲಲ್ಲಿ ಮಗಳು ನಿಂತಳು. "ನಂಗೆ ಗೊತ್ತಿತ್ತು ಅಪ್ಪಾ. ಗೊತ್ತಿದ್ದೂ ಸುಮ್ನಿದ್ದೆ. ಗಂಡನ ಮನೇಲೂ ಹೀಗೇ ಇದ್ದೆ."

ಇಷ್ಟು ದಿನ ಮರಿಯ ಮೇಲಿದ್ದ ಹೇಸಿಗೆ ಈಗ ಅವನ ಮೇಲೇ ತಿರುಗಿಬಿತ್ತು. ತಾನು ಕೂಡ ಆ ಅಳಿಯನ ಸಾಲಿನಲ್ಲೇ ನಿಂತೆನಲ್ಲ ಎನಿಸಿತು.

"ಇಲ್ಲಿ ಕೊಡು," ಎಂದ. "ನೀನು ಹೋಗಿ ಲೈಟ್ ತಗೊಂಡು ಬಾ."

"ನೀನು ಮುಟ್ತೀಯಾ?"

"ಕೊಡಮ್ಮಾ."

ತಾರಸಿಯಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಮರಿಯ ಮೆತ್ತನೆಯ ಹೊಟ್ಟೆ ಅಂಗೈಗೆ ಅಂಟಿ, ಉಗುರುಗಳು ಚರ್ಮಕ್ಕೆ ಕಚ್ಚಿಕೊಂಡಾಗ ಅವನ ಮೈ ಜುಮ್ಮೆಂದಿತು. ಸ್ವಲ್ಪ ಹೊತ್ತಿಗೆ ಒದ್ದೆಯಾದದ್ದೇನೋ ಮಣಿಕಟ್ಟಿನ ಮೇಲಿಂದ ತೋಳಿನೊಳಕ್ಕೆ ಇಳಿಯಿತು. ಅದರ ನಾತ ಮೂಗಿಗೆ ಬಡಿಯಿತು. ಅವನು ಮುಖವನ್ನಷ್ಟೇ ಆಚೆ ತಿರುಗಿಸಿದ. ಚಾಚಿದ ಕೈ ಬಿಸಿಲಿನಲ್ಲಿ ಹಾಗೆಯೇ ಇತ್ತು.